ಎಡಗಾಲು ಮೊದಲು

ಅನಂತಪುರ
19 ಜನವರಿ 2025

ಪ್ರೀತಿಯ ಅಕ್ಕ,

ಅಪ್ಪನ ಕಾಲು ಹೇಗುಂಟು ಅಂತ ನೀನು ಕೇಳಿದ್ದಿ. ಚೆನ್ನಾಗುಂಟು. ಅಮ್ಮನ ಪಕ್ಕೆಲುಬು ಒಂದು ಮುರಿದಿದೆ.

ಮೊದಲಿನಿಂದ ಹೇಳುತ್ತೇನೆ. ಗುರುವಾರ ನಾವು ಮೂವರೂ ಮಂಗಳೂರಿನ ಆಸ್ಪತ್ರೆಗೆ ಹೋಗಿದ್ದೆವು. ಮೊಣಕಾಲಿನ ಆಪರೇಷನ್ ಆಗಿ ಏಳು ವರ್ಷ ಕಳೆದ ಹಿರಿಯರನ್ನೆಲ್ಲ ಕರೆಸಿದ್ದರು. ಇಷ್ಟು ವರ್ಷದ ಮೇಲೂ ಕಾಲು ಹೇಗೆ ಕೆಲಸ ಮಾಡುತ್ತದೆ ಅಂತ ನೋಡುವುದಂತೆ. ಕೈ ಊರದೆ ಕುರ್ಚಿಯಿಂದ ಏಳಬೇಕು. ಒಂದೇ ಕಾಲಲ್ಲಿ ನಿಲ್ಲಬೇಕು. ಉದ್ದದ ವರಾಂಡದಲ್ಲಿ ಆ ತುದಿಗೆ ಹೋಗಿ ಬರಬೇಕು. ಬೇರೆ ಮುದುಕರೆಲ್ಲ ಕುರ್ಚಿ ಬಿಡುವಾಗ ದೇವರ ಹೆಸರು ಹೇಳುತ್ತಿದ್ದರು. ಅಪ್ಪ ಜಿಗಿದು ಎದ್ದರು.

ಕೊನೆಗೆ ಒಂದು ಮೆಷಿನ್. ಅದಕ್ಕೆ ಕಾಲು ಕಟ್ಟಿ ಒದೆಯಬೇಕು. ಎಷ್ಟು ಬಲ ಉಂಟು ಅಂತ ಅದು ಪರದೆಯಲ್ಲಿ ತೋರಿಸುತ್ತದೆ. ಅಪ್ಪ ಎಡಗಾಲಲ್ಲಿ ಒದೆದದ್ದಕ್ಕೆ ಡಾಕ್ಟರು ಬೇರೆ ಡಾಕ್ಟರನ್ನು ಕರೆದು ತೋರಿಸಿದರು. “ಬಟ್ಯಣ್ಣ, ಎಂತ ತಿನ್ನುತ್ತೀರಿ ಮಾರಾಯ್ರೆ?” ಅಂದರು. “ಕಲ್ಲು ಕಡಿದ ಕಾಲು ಡಾಕ್ಟ್ರೆ,” ಅಂದರು ಅಪ್ಪ. ಮೊಣಕಾಲು ಪೂರ್ತಿ ತೆಗೆದಿಲ್ಲ, ಒಳಬದಿಯಲ್ಲಿ ಸವೆದ ಭಾಗವನ್ನು ಮಾತ್ರ ತೆಗೆದು ಲೋಹ ಕೂರಿಸಿದ್ದು, ಉಳಿದದ್ದೆಲ್ಲ ಇವರ ಸ್ವಂತದ್ದೇ, ಹಾಗಾಗಿ ಇಷ್ಟು ಚೆನ್ನಾಗಿ ಮಡಚುತ್ತದೆ ಅಂತ ಡಾಕ್ಟರು ಕಲಿಯುವ ಮಕ್ಕಳಿಗೆ ಹೇಳಿಕೊಟ್ಟರು. ಅವರೆಲ್ಲ ಚಪ್ಪಾಳೆ ಹೊಡೆದರು. ಇನ್ನೊಮ್ಮೆ ಒದೆಯಿರಿ ಅಂದರು. ಅಪ್ಪ ಇನ್ನೊಮ್ಮೆ ಒದೆದರು.

ಅಮ್ಮ ಬೆಂಚಿನಲ್ಲಿ ಕೂತು ನೋಡುತ್ತಿದ್ದಳು. ಮೆಷಿನಿಗೆ ಒದೆ ಬಿದ್ದಾಗಲೆಲ್ಲ ಅವಳ ಭುಜ ಹಾರುತ್ತಿತ್ತು.

ಮನೆಗೆ ಬಂದು ಚಾ ಕುಡಿಯುವಾಗ ಅಪ್ಪ ಕೇಳಿದರು, “ಹೇಗಿತ್ತು, ನೋಡಿದೆಯಾ?” ಅಮ್ಮ, “ಎಡದ್ದು ಸರಿ ಉಂಟು. ಬಲಗಾಲು ಸವೆದಿದೆ ಅಂದರಲ್ಲ, ಅದನ್ನು ನೋಡಿಕೊಳ್ಳಿ,” ಅಂದಳು. ಅಷ್ಟೇ. ಅಪ್ಪ ಗ್ಲಾಸನ್ನು ಕೆಳಗಿಟ್ಟರು. ಚೆಲ್ಲದ ಹಾಗೆ ಮೆಲ್ಲನೆ ಇಟ್ಟರು. ಆಮೇಲೆ ಮೆಷಿನಿಗೆ ಒದೆದ ಹಾಗೆಯೇ ಒದೆದರು. ಅಮ್ಮ ಬಾಗಿಲ ದಾರಂದಕ್ಕೆ ಬಡಿದು ಕೂತಳು. ಬಾಯಿ ತೆರೆದಿತ್ತು, ಸ್ವರ ಬರಲಿಲ್ಲ.

ಕುಂಬಳೆಯ ಡಾಕ್ಟರಲ್ಲಿ ‘ಮೆಟ್ಟಿಲಿಂದ ಬಿದ್ದೆ’ ಅಂದಳು. ಅವರು ಬರೆದುಕೊಂಡರು.

ಏಳು ವರ್ಷದಿಂದ ನಾನು ನಿನಗೆ ‘ಅಪ್ಪ ನಡೆಯುತ್ತಾರೆ’ ಅಂತ ಮಾತ್ರ ಬರೆದದ್ದು. ಅದು ಸುಳ್ಳಲ್ಲ. ನೀನು ದೂರದಲ್ಲಿದ್ದಿ, ಎಂತ ಮಾಡಬಹುದು ಅಂತ ಸುಮ್ಮನಿದ್ದೆ. ನನ್ನ ಕೆಲಸದ ಫ್ಯಾಕ್ಟರಿಯ ವಿಳಾಸಕ್ಕೇ ಬರೆ. ಮನೆಯ ಫೋನನ್ನು ಅಪ್ಪ ಸ್ಪೀಕರಿನಲ್ಲಿ ಇಡಿಸುತ್ತಾರೆ. ಇಲ್ಲಿಂದ ಮಾಡುವ ಅಂದರೆ ನನಗೆ ಫೋನಿನಲ್ಲಿ ಅಳು ಬರುತ್ತದೆಯೇ ಹೊರತು ಮಾತು ಬರುವುದಿಲ್ಲ.

ನಿನ್ನ ತಂಗಿ,
ಮೋಕ್ಷಿತಾ

*

ಕೋಝಿಕ್ಕೋಡ್
2 ಫೆಬ್ರವರಿ 2025

ಮೋಕ್ಷಿ,

ನಿನ್ನ ಕಾಗದ ಓದಿ ಟೀಚರಮ್ಮನಿಗೆ ಗಂಜಿ ಕೊಡಲು ಮರೆತೆ. ನಾನು ನೋಡಿಕೊಳ್ಳುವ ಈ ಮುದುಕಿ ಸಿಟ್ಟು ಮಾಡುವವರಲ್ಲ. “ಎಂತ ಮೋಳೆ, ಯಾರಿಗೆ ಎಂತಾಯಿತು?” ಅಂತ ಮಗಳನ್ನು ಕೇಳುವ ಹಾಗೆ ಕೇಳಿದರು. ಮನೆಯಲ್ಲಿ ಒಬ್ಬರು ಬಿದ್ದಿದ್ದಾರೆ ಅಂದೆ. ನಾನೂ ಅದನ್ನೇ ಹೇಳಿದೆ ನೋಡು.

ಅವನ ಕಾಲು ಸೋತಿದ್ದ ವರ್ಷಗಳು ನಿನಗೆ ಸರಿಯಾಗಿ ನೆನಪಿರಬೇಕು. ಅದಕ್ಕಿಂತ ಮುಂಚಿನದ್ದು ನಿನಗೆ ಗೊತ್ತಿಲ್ಲ, ನೀನು ಚಿಕ್ಕವಳು. ಅವನು ಯಾವತ್ತೂ ಕೈಯಲ್ಲಿ ಹೊಡೆದವನಲ್ಲ. ಕೈ ಕಲ್ಲುಕೋರೆಯ ಕೆಲಸಕ್ಕೆ ಬೇಕು ಅನ್ನುತ್ತಿದ್ದ. ನಮ್ಮಿಬ್ಬರ ನಡುವೆ ಒಂದು ಮಗು ಇತ್ತು ಮೋಕ್ಷಿ. ಹುಟ್ಟಲಿಲ್ಲ. ಅದು ಯಾಕೆ ಹುಟ್ಟಲಿಲ್ಲ ಅಂತ ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ನೋಡಿದ್ದೇನೆ.

ಆಮೇಲೆ ಮೊಣಕಾಲು ಹೋಯಿತು. ಕುರ್ಚಿ ಬಿಟ್ಟು ಏಳಲಾಗದೆ ಬಾಯಿಯಲ್ಲೇ ಬೈಯುತ್ತಾ ಕೂತ. ಅಮ್ಮ ಬೀಡಿಯ ಗೆರಸೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಗುಡ್ಡದ ಮೇಲಿನ ಕೊಟ್ಟಿಗೆಗೆ ಹೋದಳು. ಅವನಿಗೆ ಅಲ್ಲಿಗೆ ಹತ್ತಲಾಗುವುದಿಲ್ಲ ಅಂತ ಗೊತ್ತಾದ ದಿನ ಅವಳು ಮೇಲೆ ಕೂತು ಪಾಡ್ದನ ಹಾಡಿದ್ದು ಕೆಳಗೆ ನಮಗೆ ಕೇಳಿತ್ತು. ಅಮ್ಮನಿಗೆ ಪಾಡ್ದನ ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಅದನ್ನೆಲ್ಲ ಕಂಡವಳೇ ನಾನು ಆಪರೇಷನ್ ಮಾಡಿಸುವ ಅಂದೆ. ನೋವಿಗೆ ಸಿಟ್ಟು ಬರುವುದು, ನೋವು ಹೋದರೆ ಸಿಟ್ಟೂ ಹೋಗುತ್ತದೆ ಅಂದುಕೊಂಡೆ. ‘ಈ ಪ್ರಾಯದಲ್ಲಿ ಎಂತಕ್ಕೆ, ಬೇಡ’ ಅಂದದ್ದು ಅಮ್ಮ ಒಬ್ಬಳೇ. ಅವಳು ಬೇಡ ಅಂದ ಮರುದಿನವೇ ಅವನು ‘ಮಾಡಿಸುವ’ ಅಂದ.

ಈಗ ಆಸ್ಪತ್ರೆಯವರು ನನಗೆ ಫೋನು ಮಾಡಿದ್ದಾರೆ. ಬಲಗಾಲಿಗೂ ಹಾಗೆಯೇ ಮಾಡಿಸಬಹುದಂತೆ, ರೋಗಿಯ ಜೊತೆಗೆ ಬೈಸ್ಟಾಂಡರ್ ಆಗಿ ಮನೆಯವರು ಯಾರಾದರೂ ನಿಲ್ಲಬೇಕಂತೆ. ನಾನು ನಿಲ್ಲುವುದಿಲ್ಲ. ಆ ಒಂದು ಕಾಲಾದರೂ ಅವನಿಗೆ ಕಡಿಮೆ ಇರಲಿ.

ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬಾ. ಟೀಚರಮ್ಮನ ಮನೆಯ ಹಿಂದೆ ಒಂದು ಕೋಣೆ ಖಾಲಿ ಉಂಟು, ಕೇಳಿದ್ದೇನೆ. ಅವಳು ಒಪ್ಪದಿದ್ದರೆ ಎಳೆದುಕೊಂಡು ಬಾ.

ಸುಪ್ರೀತಾ

*

ಅನಂತಪುರ
16 ಫೆಬ್ರವರಿ 2025

ಪ್ರೀತಿಯ ಅಕ್ಕ,

ಅಮ್ಮನನ್ನು ಎಳೆಯಲು ಆಗುವುದಿಲ್ಲ. ಇನ್ನೂ ಪಕ್ಕೆಗೆ ಬಟ್ಟೆ ಸುತ್ತಿಕೊಂಡೇ ಬೀಡಿ ಕಟ್ಟುತ್ತಾಳೆ. ನೀನು ಹೇಳಿದ್ದನ್ನು ಹೇಳಿದೆ. “ಈ ಮನೆಯ ಕಲ್ಲು ಕಡಿದದ್ದು ನಿಮ್ಮಪ್ಪ. ಕೋರೆಯಿಂದ ಇಲ್ಲಿಗೆ ತಲೆಯಲ್ಲಿ ಹೊತ್ತದ್ದು ಯಾರು? ಹೊತ್ತವಳು ಬಿಟ್ಟು ಹೋಗುವುದಾ?” ಅಂದಳು.

ಬಲಗಾಲಿನ ವಿಷಯ ನೀನು ಹೆದರಬೇಡ. ಅದನ್ನು ಅಮ್ಮ ಮುಗಿಸಿದ್ದಾಳೆ. ನಮ್ಮ ಮನೆಯ ಮೀನಿನ ಕಥೆ ನೆನಪುಂಟಲ್ಲ? ಬೂತಾಯಿ ತಿನ್ನಬೇಕು ಅನಿಸಿದರೆ ಅಮ್ಮ, “ಇವತ್ತು ಬೂತಾಯಿ ತರಬೇಡಿ, ಬರೀ ಮುಳ್ಳು,” ಅನ್ನುವುದು. ಅಪ್ಪ ಬೂತಾಯಿಯನ್ನೇ ತರುವುದು. ಬಂಗುಡೆ ಬೇಕಾದರೆ ಬಂಗುಡೆ ಬೇಡ. ನಾವಿಬ್ಬರು ಬಾಯಿಗೆ ಬಟ್ಟೆ ತುರುಕಿ ನಗುತ್ತಿದ್ದೆವು. ಹಾಗೆಯೇ ಈ ಸಲವೂ. ಆಸ್ಪತ್ರೆಯಿಂದ ಫೋನು ಬಂದಾಗ ಅಮ್ಮ, “ಮಾಡಿಸಿ, ಮಾಡಿಸಿ. ಎರಡೂ ಕಾಲು ಸಮ ಆಗಲಿ, ನನಗೂ ಸಂತೋಷ,” ಅಂದಳು.

ಅಪ್ಪ ಅವಳನ್ನೇ ನೋಡಿದರು. “ನನ್ನನ್ನು ಮಂಚದಲ್ಲಿ ಮಲಗಿಸಿ ನೀನು ಯಜಮಾನಿಕೆ ಮಾಡುವುದಕ್ಕಾ? ನನ್ನ ಬಲಗಾಲಿಗೆ ಒಬ್ಬನೂ ಕತ್ತಿ ಹಾಕುವುದು ಬೇಡ!” ಅಂತ ಫೋನಿಟ್ಟರು. ಅಮ್ಮ ಒಲೆಯ ಕಡೆ ತಿರುಗಿದಳು. ನಕ್ಕದ್ದಾ ಗೊತ್ತಿಲ್ಲ. ನಕ್ಕರೆ ಪಕ್ಕೆ ನೋಯುತ್ತದೆ ಅವಳಿಗೆ.

ಮೊನ್ನೆ ಆಡಿನ ಮರಿ ಅಪ್ಪನ ಕಾಲಿಗೆ ಅಡ್ಡ ಬಂತು. ಬಿಳಿ ಕಿವಿಯದ್ದು, ಹುಟ್ಟಿದಾಗ ನಾನು ನಿನಗೆ ಬರೆದಿದ್ದೆ. ಅಪ್ಪನ ಬಲಗಾಲು ತಡವರಿಸಿತು. ಅದನ್ನು ನಾವು ಕಂಡೆವಾ ಅಂತ ತಿರುಗಿ ನೋಡಿದರು. ಕಂಡಿದ್ದೆವು. ಎಡಗಾಲಲ್ಲಿ ಮರಿಯನ್ನು ಗೋಡೆಗೆ ಒದೆದರು. ಅದು ಗೋಡೆಯಿಂದ ಕೆಳಗೆ ಬೀಳುವ ಮೊದಲೇ ಸತ್ತಿತ್ತು. ಅಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ಗೇರುಮರದ ಬುಡದಲ್ಲಿ ಹೂತಳು. ತಾಯಿ ಆಡು ಮರುದಿನವೂ ಮೊಲೆ ತುಂಬಿಕೊಂಡು ಕೂಗುತ್ತಿತ್ತು. ಕೂಗು ನಿಲ್ಲಿಸದಿದ್ದರೆ ಅದಕ್ಕೂ ಉಂಟು ಅಂದರು ಅಪ್ಪ. ಅಮ್ಮ ಆಡನ್ನು ಪಕ್ಕದ ಚನಿಯಣ್ಣನ ಮನೆಯಲ್ಲಿ ಕಟ್ಟಿ ಬಂದಳು.

ಆಸ್ಪತ್ರೆಯ ಒಂದು ಮಾತು ಬರೆಯಲು ಬಿಟ್ಟುಹೋಗಿತ್ತು. ಅಲ್ಲಿ ಮೆಟ್ಟಿಲನ್ನೂ ಹತ್ತಿಸಿದರು. ಆಪರೇಷನ್ ಆದ ಹೊಸತರಲ್ಲಿ ಅಪ್ಪನಿಗೆ ಕಲಿಸಿದ್ದು ಹೇಗೆ? ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಆಗ ಒಳ್ಳೆಯದು ಬಲಗಾಲು. ಆ ಅಭ್ಯಾಸದಲ್ಲಿ ಅಪ್ಪ ಆ ದಿನವೂ ಬಲಗಾಲನ್ನೇ ಮೊದಲಿಟ್ಟರು. ಮೈಭಾರ ಬಿದ್ದದ್ದೇ ಆ ಮೊಣಕಾಲು ಮಡಚಿತು. ಫಿಸಿಯೋ ಮಾಡಿಸುವ ಹುಡುಗಿ ಪೂಜಾಶ್ರೀ ಅಂತ, ಅವಳು ಹಿಂದಿನಿಂದ ಸೊಂಟಪಟ್ಟಿ ಹಿಡಿದುಕೊಂಡಿದ್ದರಿಂದ ಬೀಳಲಿಲ್ಲ. ಡಾಕ್ಟರು ಹೊಗಳುತ್ತಾ ಇದ್ದರಲ್ಲ, ಬಲಗಾಲು ಮಡಚಿದ್ದು ಅಪ್ಪನಿಗೆ ಲೆಕ್ಕಕ್ಕೇ ಇಲ್ಲ.

ಪೂಜಾಶ್ರೀ ನನ್ನನ್ನು ಬದಿಗೆ ಕರೆದಳು. “ಈಗ ಕಾಲು ಅದಲುಬದಲಾಗಿದೆ. ಆಪರೇಷನ್ ಆದ ಎಡಗಾಲೇ ಒಳ್ಳೆಯ ಕಾಲು. ಹತ್ತುವಾಗ ಎಡಗಾಲು ಮೊದಲು, ತಪ್ಪಿಸಬಾರದು. ಮನೆಯಲ್ಲಿ ಅಭ್ಯಾಸ ಮಾಡಿಸಿ. ಮೆಟ್ಟಿಲು ಉಂಟಾ?” ಅಂದಳು. ಉಂಟು, ಅಪ್ಪನೇ ಕಡಿದದ್ದು ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಗುಡ್ಡದ ಕೆಂಪುಕಲ್ಲನ್ನೇ ಕಡಿದು ಮಾಡಿದ ಮೆಟ್ಟಿಲನ್ನು ಅವಳು ಎಲ್ಲಿ ನೋಡಿರಬೇಕು?

ಈಗ ಅಪ್ಪ ಆ ಮೆಟ್ಟಿಲು ಹತ್ತುವಾಗ ಬಲಬದಿಯ ಕಬ್ಬಿಣದ ಪೈಪನ್ನು ಹಿಡಿದು ಕೈಯ ಬಲದಿಂದ ಮೈಯನ್ನು ಮೇಲೆ ಎಳೆಯುವುದು. ಪೈಪು ಬಿಟ್ಟರೆ ಬೀಳುತ್ತಾರೆ ಅಂತ ನನಗೆ ಕಾಣುತ್ತದೆ. ಪೂಜಾಶ್ರೀ ಹೇಳಿದ್ದನ್ನು ಅಪ್ಪನಿಗೆ ಹೇಳಬೇಕು. ನನಗೆ ಧೈರ್ಯ ಇಲ್ಲ. ಅಮ್ಮನಿಗೆ ಹೇಳಲಾ?

ಕೇಳಿಕೊಂಡು,
ನಿನ್ನ ಮೋಕ್ಷಿತಾ

*

ಕೋಝಿಕ್ಕೋಡ್
25 ಫೆಬ್ರವರಿ 2025

ಮೋಕ್ಷಿ,

ಹೇಳಬೇಡ.

ಅಮ್ಮನಿಗೂ ಹೇಳಬೇಡ, ಅವನಿಗೂ ಹೇಳಬೇಡ. ನಾನು ದಿನಾ ಟೀಚರಮ್ಮನನ್ನು ಮೆಟ್ಟಿಲು ಹತ್ತಿಸುವವಳು. ಎಡ, ಬಲ, ಎಡ, ಬಲ ಅಂತ ಮಗುವಿಗೆ ಹೇಳಿದ ಹಾಗೆ ಹೇಳುತ್ತೇನೆ. ಅವರು ತಪ್ಪಿದರೆ ಎರಡೂ ಕೈಯಲ್ಲಿ ಹಿಡಿಯುತ್ತೇನೆ. ಅದೇ ನಾನು ನಿನಗೆ ಹೇಳುತ್ತಿದ್ದೇನೆ, ಹೇಳಬೇಡ. ಪೈಪು ಹಿಡಿದು ಹತ್ತುತ್ತಾನಲ್ಲ, ಹತ್ತಲಿ. ಬಿದ್ದರೆ ಬೀಳಲಿ. ಆಡಿನ ಮರಿ ಬಿದ್ದಿತಲ್ಲ.

ಇದನ್ನು ತಿರುಗಿ ಓದಿದರೆ ಹರಿಯಬೇಕು ಅನಿಸುತ್ತದೆ. ಆದರೆ ಹರಿದು ಬೇರೆ ಬರೆಯುವುದಿಲ್ಲ.

ಬಿಸು ಹಬ್ಬಕ್ಕೆ ನಿನಗೆ ರಜೆ ಉಂಟಲ್ಲ, ಆಗ ಅಮ್ಮನನ್ನು ಕರೆದುಕೊಂಡು ಹೊರಡು. ಕುಂಬಳೆಯಲ್ಲಿ ರೈಲು ಹತ್ತಿದರೆ ಸಾಕು, ಇಲ್ಲಿ ಸ್ಟೇಷನ್ನಿನಲ್ಲಿ ನಾನಿರುತ್ತೇನೆ.

ಅಕ್ಕ

*

ಅನಂತಪುರ
30 ಮಾರ್ಚ್ 2025

ಪ್ರೀತಿಯ ಅಕ್ಕ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಅದು ಬರುವ ಮೊದಲೇ ನಾನು ಅಮ್ಮನಿಗೆ ಹೇಳಿಬಿಟ್ಟಿದ್ದೆ. ಹೇಳದೆ ಇರಲು ಆಗಲಿಲ್ಲ. ನಾನು ಒಳ್ಳೆಯವಳು ಅಂತ ಅಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೆ ಊಟ ಸೇರುತ್ತಿರಲಿಲ್ಲ.

ಅಮ್ಮ ಬೀಡಿಯ ಎಲೆ ಕತ್ತರಿಸುತ್ತಿದ್ದಳು. ಕತ್ತರಿ ನಿಂತಿತು. “ಇನ್ನೊಮ್ಮೆ ಹೇಳು,” ಅಂದಳು. ಹತ್ತುವಾಗ ಎಡಗಾಲು ಮೊದಲು, ಬಲಗಾಲಿಟ್ಟರೆ ಮಡಚುತ್ತದೆ ಅಂದೆ. “ಆಯಿತು. ಹೇಳುವಾ,” ಅಂದು ಮತ್ತೆ ಕತ್ತರಿಸಿದಳು. ಆಮೇಲೆ ಅವಳು ಅಪ್ಪನಿಗೆ ಹೇಳಿದ್ದನ್ನು ನಾನು ಕೇಳಲಿಲ್ಲ. ಹೇಳಿದೆಯಾ ಅಂತ ಕೇಳಲೂ ಇಲ್ಲ.

ಕಳೆದ ವಾರ ಅಪ್ಪ ಮೇಲಿನ ಕೊಟ್ಟಿಗೆಯ ಬಾಗಿಲು ಒಡೆದರು. ಬೀಡಿಯ ಕಟ್ಟಿನಲ್ಲಿ ಮೂರು ಕಡಿಮೆ ಉಂಟು, ಯಾರಿಗೆ ಕೊಟ್ಟೆ ಅಂತ ಶುರುವಾದದ್ದು. ಅಮ್ಮ ಒಳಗಿನಿಂದ ಅಗಳಿ ಹಾಕಿ ಕೂತಿದ್ದಳು. ಅಪ್ಪ ಪೈಪು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಹೋಗಿ ಎಡಗಾಲಲ್ಲಿ ಬಾಗಿಲಿಗೆ ಒದೆದರು. ಹಲಗೆ ಸೀಳಿತು. ಒಳಗೆ ಆದದ್ದನ್ನು ನಾನು ನೋಡಲಿಲ್ಲ, ಕೆಳಗೆ ಕೈಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದೆ. ಅಮ್ಮನ ಮುಂದಿನ ಹಲ್ಲು ಒಂದು ಬೀಡಿಯ ಗೆರಸೆಯಲ್ಲಿ ಸಿಕ್ಕಿತು.

ಚನಿಯಣ್ಣ ಬೇಲಿಯ ಆಚೆಯಿಂದ, “ಬಟ್ಯಣ್ಣ, ಸಾಕು ಮಾರಾಯ್ರೆ, ಹೆಣ ಬೀಳುತ್ತದೆ,” ಅಂದ. “ಬಿದ್ದರೆ ಹೊರಲು ಬಾ,” ಅಂದರು ಅಪ್ಪ. ಚನಿಯಣ್ಣ ಮರುದಿನ ಬಾಗಿಲಿಗೆ ಹಲಗೆ ಹೊಡೆಯಲು ಬಂದ. ಹೊಡೆಯುವುದು ಬೇಡ ಅಂತ ಅಪ್ಪ ಓಡಿಸಿದರು. ಈಗ ಆ ಕೊಟ್ಟಿಗೆಗೆ ಬಾಗಿಲಿಲ್ಲ. ಅಮ್ಮನಿಗೆ ಈ ಜಾಗದಲ್ಲಿ ಅಪ್ಪನ ಕಾಲು ತಲುಪದ ಕಡೆ ಇನ್ನು ಇಲ್ಲ.

ಅವಳು ಒಪ್ಪಿದ್ದಾಳೆ. “ಬಿಸುವಿನ ಹಿಂದಿನ ದಿನ ಹೊರಡುವಾ. ಇಲ್ಲದಿದ್ದರೆ ನನ್ನನ್ನು ಇಲ್ಲಿಂದ ಹೊತ್ತೇ ಹೊರಡಿಸುವುದು,” ಅಂದಳು. ಎರಡು ಸೀರೆ, ಅಮ್ಮನ ಬೀಡಿ ಕೆಲಸದ ಕಾರ್ಡು, ನನ್ನ ಬಟ್ಟೆ ಒಂದು ಚೀಲದಲ್ಲಿ ಹಾಕಿ ಎಲೆಯ ಗೋಣಿಯ ಕೆಳಗೆ ಇಟ್ಟಿದ್ದೇನೆ.

ನೀನು ಸ್ಟೇಷನ್ನಿನಲ್ಲಿ ಇರು ಅಕ್ಕ. ತಡ ಮಾಡಬೇಡ.

ಮೋಕ್ಷಿತಾ

*

ಅನಂತಪುರ
27 ಏಪ್ರಿಲ್ 2025

ಪ್ರೀತಿಯ ಅಕ್ಕ,

ನೀನು ಬಂದಿದ್ದಾಗ ಮನೆ ತುಂಬ ಜನ. ನಾವು ಒಂದೇ ಚಾಪೆಯಲ್ಲಿ ಮಲಗಿದರೂ ಮಾತಾಡಲಿಲ್ಲ. ನೀನು ನನ್ನ ಕಿವಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಿ. ನಾನು ನಿದ್ದೆ ಬಂದವಳ ಹಾಗೆ ಇದ್ದೆ. ಈಗ ಎಲ್ಲವನ್ನೂ ಬರೆಯುತ್ತೇನೆ.

ಚೀಲ ಅಪ್ಪನಿಗೆ ಸಿಕ್ಕಿತು. ಭಾನುವಾರ ಮಧ್ಯಾಹ್ನ ಹೊರಡುವುದು ಅಂತ ಇತ್ತು, ಬೆಳಿಗ್ಗೆಯೇ ಸಿಕ್ಕಿತು. ಅಂಗಳದಲ್ಲಿ ಸೀರೆಗಳನ್ನು ಒಂದೊಂದಾಗಿ ಕೊಡವಿದರು. ನಾನು, “ನನ್ನದು ಅಪ್ಪ, ನಾನು ಹೋಗುವುದು,” ಅಂದೆ. ಕೈಯಲ್ಲಿ ಹೊಡೆದದ್ದು ಅದೇ ಮೊದಲು. ಎಡಗಿವಿಗೆ ಬಿತ್ತು. ಆಮೇಲೆ ನನಗೆ ಗಂಟೆ ಬಡಿದ ಹಾಗೆ ಒಂದೇ ಶಬ್ದ.

ಕಲ್ಲು ಕಡಿಯುವ ಕೊಡಲಿ ಹಂಚಿನ ಮಾಡಿನ ಕೆಳಗೆ ಸಿಕ್ಕಿಸಿತ್ತಲ್ಲ, ಅದನ್ನು ಎಳೆದುಕೊಂಡರು. ಅಮ್ಮ ಮೆಟ್ಟಿಲು ಹತ್ತಿ ಓಡಿದಳು. ಎಲ್ಲಿಗೆ ಅಂತ ಓಡಿದಳು? ಅಲ್ಲಿ ಬಾಗಿಲಿಲ್ಲ. ಎಷ್ಟೋ ವರ್ಷದ ಅಭ್ಯಾಸ, ಕಾಲು ಅತ್ತಲೇ ಹೋಯಿತು. ನಾನು ಅಪ್ಪನ ಹೆಗಲ ಬೈರಾಸು ಹಿಡಿದು ಎಳೆದೆ. ಅದು ನನ್ನ ಕೈಯಲ್ಲಿ ಉಳಿಯಿತು, ಅಪ್ಪ ಹೋದರು.

ಬಲಗೈಯಲ್ಲಿ ಕೊಡಲಿ ಇದ್ದದ್ದರಿಂದ ಪೈಪು ಹಿಡಿಯಲಿಲ್ಲ. ಆದರೂ ಹತ್ತಿದರು ಅಕ್ಕ. ಬೀಳುತ್ತಾರೆ ಅಂತ ನಾನು ನೋಡುತ್ತಾ ನಿಂತಿದ್ದೆ. ಬೀಳಲಿಲ್ಲ. ಎಡಗಾಲನ್ನು ಮೇಲಿಟ್ಟು, ಅದರ ಬಲದಲ್ಲಿ ಮೈ ಎತ್ತಿ, ಬಲಗಾಲನ್ನು ಹಿಂದಿನಿಂದ ಎಳೆದುಕೊಳ್ಳುವುದು. ಮತ್ತೆ ಎಡಗಾಲು. ಆಸ್ಪತ್ರೆಯಲ್ಲಿ ಎದ್ದು ನಿಂತ ಹಾಗೆ, ಚಪ್ಪಾಳೆ ಹೊಡೆಸಿಕೊಂಡ ಆ ಕಾಲು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಹೋಗುತ್ತಲೇ ಇತ್ತು.

ಅಮ್ಮ ಮೇಲೆ ಕೊನೆಯ ಮೆಟ್ಟಿಲಿನಲ್ಲಿ ನಿಂತಳು. ಕೊಟ್ಟಿಗೆಯ ಒಳಗೆ ಹೋಗಲಿಲ್ಲ. ತಿರುಗಿ ನಿಂತು ಕೆಳಗೆ ನೋಡಿದಳು. ಅಪ್ಪ ಕೊಡಲಿ ಬೀಸಿದರೆ ತಾಗುವಷ್ಟು ಹತ್ತಿರ ಬಂದಿದ್ದರು. ಆಗ ಅಮ್ಮ ಒಂದು ಮಾತು ಕೂಗಿದಳು. ನನ್ನ ಕಿವಿಯಲ್ಲಿ ಆ ಗಂಟೆ ಶಬ್ದ, ಎಂತ ಅಂತ ಕೇಳಲಿಲ್ಲ. ಬಾಯಿ ಮಾತ್ರ ಕಂಡಿತು.

ಅಪ್ಪ ನಿಂತರು. ಎಡಗಾಲು ಆಗಲೇ ಎತ್ತಿಯಾಗಿತ್ತು. ಅವರ ಸ್ವರ ದೊಡ್ಡದು, ಅದು ನನಗೂ ಕೇಳಿತು. “ನನಗೆ ಹೆಜ್ಜೆ ಇಡಲು ಕಲಿಸುತ್ತೀಯಾ? ನಾನು ಕಡಿದ ಮೆಟ್ಟಿಲಿನಲ್ಲಿ?” ಅಂದರು. ಎತ್ತಿದ ಎಡಗಾಲನ್ನು ಕೆಳಗಿಟ್ಟರು. ಮದುವೆಮನೆಯ ಹೊಸ್ತಿಲು ದಾಟುವವರ ಹಾಗೆ ಬಲಗಾಲನ್ನು ಮುಂದಿಟ್ಟು ಅದರ ಮೇಲೆ ನಿಂತರು.

ಮೊಣಕಾಲು ಮಡಚಿತು. ಕೊಡಲಿ ಕಲ್ಲಿಗೆ ಬಡಿದು ಕಿಡಿ ಹಾರಿತು. ಬೆನ್ನು ಹಿಂದಾಗಿ ಬಂದರು, ಮೆಟ್ಟಿಲಿನ ಅಂಚು ಅಂಚಿಗೂ ತಲೆ ತಾಗುತ್ತಾ ಬಂದರು. ನಾನು ಬದಿಗೆ ಸರಿದೆ. ಹಿಡಿಯಬಹುದಿತ್ತಾ ಗೊತ್ತಿಲ್ಲ, ಸರಿದೆ. ಕೆಂಪುಕಲ್ಲಿನ ಮೇಲೆ ರಕ್ತ ಕಾಣುವುದಿಲ್ಲ ಅಕ್ಕ. ಒದ್ದೆ ಮಾತ್ರ ಕಾಣುತ್ತದೆ.

ಚನಿಯಣ್ಣ ಓಡಿ ಬಂದ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ರಿಕ್ಷಾದವರೆಗೆ ಒಯ್ದರು. ಕುಂಬಳೆ ಪೇಟೆ ಬರುವ ಮೊದಲೇ ಮುಗಿದಿತ್ತು. ಚನಿಯಣ್ಣ ಹೇಳುತ್ತಲೇ ಇದ್ದ, “ಎಂತ ಅಮ್ಮಣಿಯಕ್ಕ ಇದು, ಮೊನ್ನೆ ಮಂಗಳೂರಿನಲ್ಲಿ ಭೇಷ್ ಅನಿಸಿಕೊಂಡು ಬಂದ ಕಾಲಲ್ಲವಾ!” ಅಮ್ಮ, “ಆ ಕಾಲು ಅಲ್ಲ ಚನಿಯ, ಇನ್ನೊಂದು,” ಅಂದಳು.

ಪೊಲೀಸರು ಬಂದರು. ಮೆಟ್ಟಿಲಿಂದ ಬಿದ್ದದ್ದು ಅಂತ ಬರೆದುಕೊಂಡರು. ಜನವರಿಯಲ್ಲಿ ಕುಂಬಳೆಯ ಡಾಕ್ಟರು ಬರೆದುಕೊಂಡದ್ದೂ ಅದನ್ನೇ. ಆಗ ಸುಳ್ಳು, ಈಗ ಸತ್ಯ.

ನೀನು ಹೋದ ಮೇಲೆ ಚಿತೆಯ ಬೂದಿ ಮುಚ್ಚುವ ದಿನ ಚನಿಯಣ್ಣನ ಕೋಲಿಗೆ ಎಂಥದ್ದೋ ತಾಗಿತು. ಹೆಕ್ಕಿ ನೋಡಿದರೆ ಮೊಣಕಾಲಿನೊಳಗಿದ್ದ ಲೋಹದ ತುಂಡು. ಬಾಗಿದ ಬೆರಳಿನ ಹಾಗೆ ಉಂಟು. ಮಸಿ ಒರೆಸಿದರೆ ಇನ್ನೂ ಹೊಳೆಯುತ್ತದೆ. ಅಷ್ಟು ಬೆಂಕಿಯಲ್ಲಿ ಎಲುಬು ಪುಡಿಯಾಯಿತು, ಅದಕ್ಕೆ ಎಂತದೂ ಆಗಲಿಲ್ಲ. “ಇದನ್ನು ಎಂತ ಮಾಡುವುದು?” ಅಂತ ಚನಿಯಣ್ಣ ಕೇಳಿದ. ಅಮ್ಮ ಕೈ ಚಾಚಿ ತೆಗೆದುಕೊಂಡಳು.

ಅಮ್ಮ ಅಳಲಿಲ್ಲ. ನನಗೆ ಅಳು ಬಂತು. ಯಾಕೆ ಅಂತ ನೀನು ಕೇಳಬೇಡ.

ನಿನ್ನ ಮೋಕ್ಷಿತಾ

*

ಕೋಝಿಕ್ಕೋಡ್
4 ಮೇ 2025

ಮೋಕ್ಷಿ,

ಮೊದಲ ಸಲ ಮನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಮನೆಯ ಹೆಸರು ಬರೆಯುವಾಗ ಒಮ್ಮೆ ತಡೆಯಿತು.

ಕಿವಿಯನ್ನು ಡಾಕ್ಟರಿಗೆ ತೋರಿಸು, ಬಿಡಬೇಡ. ತಾನಾಗಿ ಸರಿಯಾಗುತ್ತದೆ ಅಂತ ಕೂತರೆ ಒಂದು ಬದಿ ಹೋಗುತ್ತದೆ. ಟೀಚರಮ್ಮ ನಿನ್ನನ್ನು ಕೇಳಿದರು.

ನಾನು ನಿನಗೆ ಹೇಳಬೇಡ ಅಂತ ಬರೆದ ಕಾಗದ ಇದ್ದರೆ ಒಲೆಗೆ ಹಾಕು. ಬರೆದದ್ದಕ್ಕೆ ನನಗೆ ಬೇಸರ ಇಲ್ಲ. ಆದರೂ ಹಾಕು.

ಒಂದು ಮಾತು ಕೇಳಬೇಕು. ಸಾವಿನ ಮನೆಯಲ್ಲಿ ಕೇಳಲಾಗಲಿಲ್ಲ, ಫೋನಿನಲ್ಲಿ ಕೇಳುವ ಮಾತಲ್ಲ. ಮೇಲೆ ನಿಂತು ಅಮ್ಮ ಕೂಗಿದ್ದು ಎಂತ? ಅವನು ಸರಿಯಾಗಿ ಹತ್ತುತ್ತಿದ್ದ ಅಂತ ನೀನೇ ಬರೆದಿದ್ದಿ. ಮತ್ತೆ ಯಾಕೆ ಕಾಲು ಬದಲಿಸಿದ? ಬಲಗಾಲಿಡು ಅಂತ ಅಮ್ಮ ಕೂಗಿದಳಾ? ಕೂಗಿದ್ದರೂ ನಾನು ಒಂದು ಮಾತು ಆಡುವವಳಲ್ಲ. ಗೊತ್ತಿರಲಿ ಅಂತ ಅಷ್ಟೆ. ನನಗೆ ಮೆಟ್ಟಿಲಿನಲ್ಲಿ ಟೀಚರಮ್ಮನ ಕೈ ಹಿಡಿದಾಗಲೆಲ್ಲ ಅದೇ ಕಾಣುತ್ತದೆ.

ಉತ್ತರ ಬರೆಯಲು ಮನಸ್ಸಿಲ್ಲದಿದ್ದರೆ ಬೇಡ.

ಅಕ್ಕ

*

ಅನಂತಪುರ
18 ಮೇ 2025

ಮಗಳು ಸುಪ್ರೀತಾಳಿಗೆ ಅಮ್ಮ ಮಾಡುವ ಆಶೀರ್ವಾದ.

ನಿನ್ನ ಕಾಗದವನ್ನು ಮೋಕ್ಷಿತಾ ನನಗೆ ಓದಿ ಹೇಳಿದಳು. ಆ ಪ್ರಶ್ನೆ ಬಂದಾಗ ನಿಲ್ಲಿಸಿದಳು. ಓದು ಅಂದೆ, ಓದಿದಳು. ಅವಳಿಗೆ ಕೇಳದ್ದನ್ನು ಅವಳು ಹೇಗೆ ಬರೆಯುವುದು? ಹಾಗೆ ನಾನೇ ಬರೆಯುತ್ತಿದ್ದೇನೆ. ಮೂರನೆಯ ಕ್ಲಾಸಿನ ಮೇಲೆ ಇಷ್ಟು ಉದ್ದ ಬರೆದದ್ದು ಇದೇ ಮೊದಲು. ತಪ್ಪಿದ್ದರೆ ಸರಿ ಮಾಡಿ ಓದು.

ನಾನು ಬಲಗಾಲಿಡಿ ಅಂತ ಕೂಗಲಿಲ್ಲ ಮಗಾ. ಆಸ್ಪತ್ರೆಯ ಹುಡುಗಿ ಹೇಳಿಕೊಟ್ಟದ್ದು ಎಂತದೋ ಅದನ್ನೇ ಕೂಗಿದೆ. “ಎಡಗಾಲು ಮೊದಲು, ಬಲಗಾಲಿಟ್ಟರೆ ಬೀಳುತ್ತೀರಿ” ಅಂತ. ಸರಿಯಾದದ್ದನ್ನೇ ಹೇಳಿದೆ. ಅದಕ್ಕಿಂತ ಮೊದಲು ಹೇಳಿರಲಿಲ್ಲ. ಮೋಕ್ಷಿತಾ ನನಗೆ ಹೇಳಿದ ದಿನದಿಂದ ಅದು ನನ್ನ ನಾಲಗೆಯ ಮೇಲೆ ಇತ್ತು. ಊಟ ಬಡಿಸುವಾಗ ಇತ್ತು, ಹಲ್ಲು ಹೋದ ದಿನವೂ ಇತ್ತು. ಇಟ್ಟುಕೊಂಡಿದ್ದೆ.

ಸಿಟ್ಟು ಬಂದರೆ ಯಾವ ಕಾಲಲ್ಲಿ ಬಲ ಉಂಟು ಅಂತ ಮೈಗೆ ತಾನಾಗಿ ಗೊತ್ತಾಗುತ್ತದೆ. ಅವರು ಎಡಗಾಲನ್ನೇ ಇಟ್ಟು ಬರುತ್ತಿದ್ದರು. ಇನ್ನು ಎರಡು ಹೆಜ್ಜೆ ಬಂದಿದ್ದರೆ ನನ್ನ ತಲೆ ಎರಡಾಗುತ್ತಿತ್ತು, ಆಮೇಲೆ ಕೆಳಗೆ ಇವಳು ಒಬ್ಬಳೇ. ಆಗ ಹೇಳಿದೆ.

ನನ್ನ ಮಾತಿಗೆ ನಿಮ್ಮಪ್ಪ ಯಾವತ್ತೂ ವಿರುದ್ಧವೇ ಮಾಡಿದವರು. ಅದು ನಿನಗೆ ಗೊತ್ತುಂಟು, ಮೋಕ್ಷಿತಾಳಿಗೆ ಗೊತ್ತುಂಟು, ಮೀನು ಮಾರುವವಳಿಗೂ ಗೊತ್ತುಂಟು. ಆಪರೇಷನ್ ಬೇಡ ಅಂತ ನಾನು ನಿಜ ಹೇಳಿದ್ದಕ್ಕೆ ಆ ಕಾಲು ಬಂತು. ಏಳು ವರ್ಷ ಒದೆ ತಿಂದೆ. ಈ ಸಲವೂ ನಿಜವನ್ನೇ ಹೇಳಿದ್ದು. ಬೀಳುತ್ತೀರಿ ಅಂದೆ, ಬಿದ್ದರು. ಅವರು ಎಂತ ಮಾಡುತ್ತಾರೆ ಅಂತ ನನಗೆ ಗೊತ್ತಿತ್ತಾ ಅಂತ ನೀನು ಕೇಳುವವಳು. ಅದನ್ನು ಕಾಗದದಲ್ಲಿ ಬರೆಯುವುದಿಲ್ಲ. ಬಂದಾಗ ನನ್ನ ಮುಖ ನೋಡು.

ಆ ಮೆಟ್ಟಿಲನ್ನು ಮುಚ್ಚಿಸಬೇಕು ಅಂತ ಚನಿಯ ಹೇಳಿದ. ಬೇಡ ಅಂದೆ. ಮೇಲೆ ಗಾಳಿ ಒಳ್ಳೆಯದುಂಟು, ನಾನು ಅಲ್ಲಿಯೇ ಕೂರುವುದು. ಬಾಗಿಲಿಗೆ ಹೊಸ ಹಲಗೆ ಹೊಡೆಸಿದ್ದೇನೆ, ಅಗಳಿ ಹಾಕಿಸಲಿಲ್ಲ. ಆ ಲೋಹದ ತುಂಡನ್ನು ಕತ್ತರಿಸಿದ ಎಲೆಯ ಮೇಲೆ ಭಾರಕ್ಕೆ ಇಟ್ಟಿದ್ದೇನೆ. ಎಷ್ಟು ಗಾಳಿ ಬಂದರೂ ಹಾರುವುದಿಲ್ಲ. ಆಡನ್ನು ತಿರುಗಿ ತಂದೆವು.

ಮೋಕ್ಷಿತಾಳ ಕಿವಿ ಸ್ವಲ್ಪ ಕೇಳುತ್ತದೆ. ನಿನ್ನೆ ಅವಳು ಕೆಲಸದಿಂದ ಬರುವಾಗ ಎಂತ ತರಲಿ ಅಂತ ಕೇಳಿದಳು. ಎಂತ ಹೇಳುವುದು ಅಂತ ನನಗೆ ಒಮ್ಮೆಗೆ ಬಾಯಿ ಬರಲಿಲ್ಲ. ಆಮೇಲೆ, “ಬೂತಾಯಿ ಬೇಕು,” ಅಂದೆ. ಬೂತಾಯಿ ತಂದಳು.

ಇಲ್ಲಿಗೆ ನಿಲ್ಲಿಸುತ್ತೇನೆ, ಕೈ ನೋಯುತ್ತದೆ.

ಅಮ್ಮಣಿ